ಆಷಾಢದಲ್ಲಿ ನಿಂತ ಗಾಡಿ

ಮೊನ್ನೆ ಅಟ್ಟ ಗುಡಿಸುವಾಗ ಹಳೆಯ ಸೈಕಲ್ ಪಂಪೊಂದು ಸಿಕ್ಕಿತು. ಸುಮ್ಮನೆ ಒತ್ತಿ ನೋಡಿದೆ, ಗಾಳಿ ಬರಲಿಲ್ಲ. ಮುಚ್ಚಳ ತಿರುಗಿಸಿ ಸರಳನ್ನು ಹೊರಗೆಳೆದರೆ ಅದರ ತುದಿಯ ಚರ್ಮದ ವಾಷರ್ ಒಣಗಿ ಮುದುಡಿಕೊಂಡಿತ್ತು. ಮೂಗಿನ ಹತ್ತಿರ ಹಿಡಿದೆ. ಹಳೇ ಚರ್ಮ, ಹಳೇ ಎಣ್ಣೆ... ಆ ವಾಸನೆಗೆ ಭದ್ರಾವತಿಯ ಮೇಸ್ತ್ರಿ ಎದುರಿಗೇ ಬಂದು ನಿಂತ ಹಾಗಾಯಿತು. ಅವರ ಹಿಂದೆಯೇ ಹೊಟ್ಟೆಯೊಳಗಿನ ಹಳೇ ಸಿಟ್ಟೂ ಎದ್ದಿತು.

ನಾನೂ ನನ್ನ ತಮ್ಮನೂ ಬೆಳೆದದ್ದು ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸಿನಲ್ಲಿ. ಅಪ್ಪ ಅಲ್ಲಿನ ಕಾಗದದ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಕ್ವಾರ್ಟರ್ಸು ದಾಟಿ ರಸ್ತೆಗೆ ಬಂದರೆ ಒಂದು ತಗಡಿನ ಶೆಡ್ಡು, ಅದರೊಳಗೆ ಮೇಸ್ತ್ರಿ. ಪೆಟ್ರೋಲಿನಲ್ಲಿ ಓಡುವ ಹಳೇ ಜೀಪು, ಹಳೇ ಟ್ರಕ್ಕು ಎಲ್ಲಿ ಕೆಟ್ಟರೂ ಕೊನೆಗೆ ಅವರ ಬಾಗಿಲಿಗೇ ಬರಬೇಕು. ಅವರ ಮನೆಮಾತು ತಮಿಳು, ನಮ್ಮೊಡನೆ ಕನ್ನಡ. ಅವರಷ್ಟು ಅನುಮಾನದ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ ಎನ್ನಬೇಕೆಂದಿದ್ದೆ. ಸುಳ್ಳಾಗುತ್ತದೆ. ಕಂಡಿದ್ದೇನೆ, ಅಂಥ ಇನ್ನೊಬ್ಬರನ್ನೇ ಮದುವೆಯಾಗಿದ್ದೇನೆ.

ಬ್ರೇಕು ಹಿಡಿಯುವುದಿಲ್ಲ ಎಂದು ಯಾರಾದರೂ ಬಂದರೆ ಮೇಸ್ತ್ರಿ ಮೊದಲು ಕೇಳುತ್ತಿದ್ದುದು, "ನೀನು ಒತ್ತಿದ್ಯಾ?" ಎಂದು. ಗಿರಾಕಿ ಹೇಳಿದ ರೋಗವನ್ನು ಅವರು ನಂಬಿದ್ದೇ ಇಲ್ಲ. ಹೋಟೆಲಿನಿಂದ ಬಂದ ಟೀಯನ್ನು ಕೂಡ ಬೆಳಕಿಗೆ ಹಿಡಿದು ನೋಡಿಯೇ ಕುಡಿಯುತ್ತಿದ್ದರು. ಆದರೆ ಅವರ ಅನುಮಾನಕ್ಕೆ ಒಂದು ಗುಣವಿತ್ತು. ಪರೀಕ್ಷೆ ಮಾಡಿ ನೋಡಿ, ಉತ್ತರ ಸಿಕ್ಕಿತೆಂದರೆ ಅದು ಅಲ್ಲಿಗೆ ಮುಗಿಯುತ್ತಿತ್ತು. ಈ ಗುಣ ಎಲ್ಲರಿಗೂ ಇರುವುದಿಲ್ಲ ಎಂದು ನನಗೆ ತಿಳಿದದ್ದು ಶಿವಮೊಗ್ಗಕ್ಕೆ ಸೊಸೆಯಾಗಿ ಬಂದ ಮೇಲೆ.

ನಮ್ಮ ಯಜಮಾನರದ್ದು ಶಾಮಿಯಾನದ ವ್ಯಾಪಾರ. ಶಾಮಿಯಾನ, ಕುರ್ಚಿ, ಕೊಪ್ಪರಿಗೆ ಎಲ್ಲ ಬಾಡಿಗೆಗೆ ಕೊಡುತ್ತಿದ್ದೆವು. ಸಾಗಿಸುವುದಕ್ಕೆ ಮಿಲಿಟರಿ ಹರಾಜಿನಲ್ಲಿ ಬಂದ ಒಂದು ಪೆಟ್ರೋಲ್ ಟ್ರಕ್ಕು. ಅದನ್ನು ಓಡಿಸುತ್ತಿದ್ದವನು ನನ್ನ ತಮ್ಮ. ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ ಅವನ ಊಟ, ವಾಸ ಎಲ್ಲ ನಮ್ಮ ಮನೆಯಲ್ಲೇ. ಇವರು ಬಾಯಿಬಿಟ್ಟು ಬೇಡ ಎನ್ನಲಿಲ್ಲ. ಆದರೆ ಅವನ ತಟ್ಟೆಗೆ ನಾನು ಎರಡನೇ ಸಲ ಅನ್ನ ಬಡಿಸುವಾಗ ಇವರ ಕಣ್ಣು ಸೌಟಿನ ಮೇಲೇ ಇರುತ್ತಿತ್ತು.

ಆಷಾಢದಲ್ಲಿ ಮದುವೆಯಿಲ್ಲ, ಮುಂಜಿಯಿಲ್ಲ, ಗೃಹಪ್ರವೇಶವಿಲ್ಲ. ಶಾಮಿಯಾನದವರಿಗೆ ಕೆಲಸವೂ ಇಲ್ಲ. ಟ್ರಕ್ಕನ್ನು ಗೋಡೌನಿನೊಳಗೆ ನಿಲ್ಲಿಸಿ ಟಾರ್ಪಾಲು ಹೊದೆಸಿಬಿಡುತ್ತಿದ್ದೆವು. ಆ ವರ್ಷ ಶ್ರಾವಣದಲ್ಲಿ ಹೊರಗೆ ತೆಗೆದದ್ದೇ ತೆಗೆದದ್ದು, ರಗಳೆ ಶುರುವಾಯಿತು. ನಿಂತಲ್ಲಿ ಎಂಜಿನ್ನು ಹದವಾಗಿ ಓಡುವುದು. ಓಟ ಹಿಡಿದ ಮೇಲೂ ಏನೂ ತೊಂದರೆಯಿಲ್ಲ. ಆದರೆ ನಿಂತ ಗಾಡಿ ಹೊರಡಲಿ ಎಂದು ಆಕ್ಸಿಲರೇಟರ್ ಒತ್ತಿದ ಕೂಡಲೇ ಬಿಕ್ಕಳಿಸಿ, ಒಂದು ಗಳಿಗೆ ಉಸಿರು ಹಿಡಿದು, ಆಮೇಲೆ ಎಗರುವುದು. ಕೆಲವು ಸಲ ಎಗರದೆ ಆರಿಯೇ ಹೋಗುವುದು. ಗಾಜನೂರಿನ ಒಂದು ಮದುವೆಗೆ ಪಾತ್ರೆ ಒಯ್ಯುವಾಗ ಏರಿನಲ್ಲಿ ಹಾಗೇ ಆರಿ, ಗಾಡಿ ಹಿಂದಕ್ಕೆ ಜಾರಿ, ಕೊಪ್ಪರಿಗೆಗಳೆಲ್ಲ ರಸ್ತೆಗೆ ಉರುಳಿದವು. ಅಡಿಗೆಯವರು ಒಲೆ ಹೊತ್ತಿಸಿಕೊಂಡು ಕಾದು ಕೂತಿದ್ದರಂತೆ. ಹೆಣ್ಣಿನ ತಂದೆ ಇವರನ್ನು ನೆಂಟರೆದುರಿಗೇ ಬಾಯಿಗೆ ಬಂದಂತೆ ಬೈದರು.

ಮನೆಗೆ ಬಂದವರೇ ಇವರು ಪೆಟ್ರೋಲ್ ಟ್ಯಾಂಕಿನ ಮುಚ್ಚಳಕ್ಕೆ ಬೀಗ ಜಡಿದರು. "ನಿನ್ನ ತಮ್ಮ ಪೆಟ್ರೋಲ್ ಕದ್ದು ಮಾರ್ಕೊಂಡು ಸೀಮೆಎಣ್ಣೆ ಬೆರೆಸಿದಾನೆ. ಆಷಾಢದಲ್ಲೂ ನನ್ನ ಕಣ್ಣು ತಪ್ಪಿಸಿ ಗಾಡಿ ತಗೊಂಡ್ಹೋಗಿ ಬಾಡಿಗೆ ಹೊಡೆದಿದಾನೆ. ಅದಕ್ಕೇ ಎಂಜಿನ್ ಹಾಳಾಗಿರೋದು" ಎಂದರು. ತಮ್ಮ ಅಲ್ಲೇ ನಿಂತಿದ್ದ. ಇವರು ಹತ್ತಿರ ಹೋಗಿ ಅವನ ಅಂಗಿಯ ತೋಳನ್ನು ಹಿಡಿದೆತ್ತಿ ಮೂಸಿದರು. ಅಯ್ಯೋ, ಅವನ ಮುಖ ನನ್ನಿಂದ ನೋಡಲಾಗಲಿಲ್ಲ. ಕದ್ದದ್ದು ಸಾಬೀತಾದರೆ ಅವನು ಈ ಮನೆಯ ಹೊಸಿಲು ತುಳಿಯಕೂಡದು ಎಂದು ಇವರು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿಬಿಟ್ಟರು. ನನಗೆ ತವರು ಅಂತ ಉಳಿದಿದ್ದವನು ಅವನೊಬ್ಬನೇ.

ಶಿವಮೊಗ್ಗದಲ್ಲಿ ಒಬ್ಬ ಪ್ಲಗ್ಗು ಬದಲಿಸಿದ, ಇನ್ನೊಬ್ಬ ಟೈಮಿಂಗ್ ತಿರುಗಿಸಿದ. ಬಿಕ್ಕಳಿಕೆ ಹೋಗಲಿಲ್ಲ. ಮೇಸ್ತ್ರಿಗೆ ತೋರಿಸೋಣ ಎಂದೆ ನಾನು.

"ನಿಮ್ಮೂರಿನವನು. ನಿಮ್ಮ ಪರವಾಗೇ ಹೇಳ್ತಾನೆ."

"ಹಾಗಾದ್ರೆ ನೀವೂ ಬನ್ನಿ. ಪಕ್ಕದಲ್ಲೇ ನಿಂತು ನೋಡಿ."

ಬಂದರು. ಮೂವರೂ ಒಂದೇ ಕ್ಯಾಬಿನ್ನಿನಲ್ಲಿ ಕೂತು ಭದ್ರಾವತಿಗೆ ಹೋದೆವು.

ಮೇಸ್ತ್ರಿ ಮೊದಲು ನಮ್ಮನ್ನು ನೋಡಿದರು, ಆಮೇಲೆ ಗಾಡಿಯನ್ನು. ಇವರು ಸೀಮೆಎಣ್ಣೆಯ ಮಾತು ತೆಗೆದರು. "ಇರಿ ಸಾಮಿ, ನೀವು ಹೇಳಿದ್ದನ್ನ ನಾನ್ಯಾಕೆ ನಂಬ್ಲಿ?" ಎಂದು ಮೇಸ್ತ್ರಿ ತಮ್ಮನ ಕೈಲಿ ಗಾಡಿ ಓಡಿಸಿದರು. ಬಿಕ್ಕಳಿಸಿತು. ಇವರನ್ನೂ ಕೂರಿಸಿ ಓಡಿಸಿದರು. ಇವರಿಗೂ ಬಿಕ್ಕಳಿಸಿ, ಶೆಡ್ಡಿನ ಮುಂದೆಯೇ ಆರಿತು. ನನಗೆ ಒಳಗೊಳಗೇ ಖುಷಿಯಾಯಿತು, ಸುಳ್ಳೇಕೆ ಹೇಳಲಿ. "ಕಾಲಿನ ತಪ್ಪಲ್ಲ" ಎಂದರು ಮೇಸ್ತ್ರಿ.

ಆಮೇಲೆ ಇವರ ಕೈಯಿಂದಲೇ ಟ್ಯಾಂಕಿನ ಬೀಗ ತೆಗೆಸಿ, ಒಂದಿಷ್ಟು ಪೆಟ್ರೋಲನ್ನು ಬಿಳೀ ಕಾಗದದ ಮೇಲೆ ತೊಟ್ಟಿಕ್ಕಿಸಿದರು. "ನಿಮ್ಮ ಮಾವ ಕೆಲಸ ಮಾಡಿದ ಮಿಲ್ಲಿನ ಕಾಗದ ಸಾಮಿ, ಇದನ್ನಾದ್ರೂ ನಂಬಿ. ಸೀಮೆಎಣ್ಣೆ ಇದ್ರೆ ಜಿಡ್ಡಿನ ಕಲೆ ಉಳೀತದೆ." ನಾವು ನಾಲ್ವರೂ ಬಗ್ಗಿ ನೋಡುತ್ತ ನಿಂತೆವು. ಒದ್ದೆ ನಿಧಾನಕ್ಕೆ ಸಣ್ಣದಾಗುತ್ತ ಬಂತು... ಆರಿಹೋಯಿತು. ಕಾಗದ ಮೊದಲಿದ್ದಷ್ಟೇ ಬೆಳ್ಳಗಿತ್ತು. ಇವರು ಅದನ್ನು ಬಿಸಿಲಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಸರಿ, ಸೀಮೆಎಣ್ಣೆ ಇಲ್ಲ. ಆಷಾಢದಲ್ಲಿ ಗಾಡಿ ಓಡಿಸಿಲ್ಲ ಅಂತ ಯಾರು ಹೇಳ್ತಾರೆ?" ಎಂದರು.

ಮೇಸ್ತ್ರಿ ಎಂಜಿನ್ ಚಾಲೂ ಮಾಡಿಸಿ, ಏರ್ ಫಿಲ್ಟರ್ ತೆಗೆದು, ಕಾರ್ಬುರೇಟರಿನ ಬಾಯಿಗೆ ಅಂಗೈಯನ್ನು ಅರ್ಧ ಅಡ್ಡ ಹಿಡಿದು, "ಈಗ ಒತ್ತು" ಎಂದರು. ತಮ್ಮ ಒತ್ತಿದ. ಬಿಕ್ಕಳಿಕೆಯೇ ಇಲ್ಲ! ಕೈ ತೆಗೆದರು, ಮತ್ತೆ ಬಿಕ್ಕಳಿಸಿತು. "ನೋಡಮ್ಮಾ, ಒತ್ತಿದ ತಕ್ಷಣ ಗಾಳಿ ನುಗ್ತದೆ, ಅದಕ್ಕೆ ತಕ್ಕ ಪೆಟ್ರೋಲ್ ಬರ್ತಿಲ್ಲ. ಒಳಗೊಂದು ಸಣ್ಣ ಪಿಚಕಾರಿ ಇರ್ತದೆ, ಪಂಪು ಅಂತಾರೆ. ಕಾಲು ಒತ್ತಿದಾಗ ಅದು ಚಿರ್ ಅಂತ ಚಿಮ್ಮಬೇಕು" ಎಂದು ಎಂಜಿನ್ ಆರಿಸಿ, ಬೆರಳಿನಿಂದ ಲಿವರ್ ಎಳೆದು ತೋರಿಸಿದರು. ಬಗ್ಗಿ ನೋಡಿದೆ. ಚಿಮ್ಮುವುದಿರಲಿ, ಒಂದು ಹನಿ ಕೂಡ ಬೀಳಲಿಲ್ಲ.

ತಮ್ಮನಿಗೆ ಟೀ ತರಲು ಹೇಳಿ ಮೇಸ್ತ್ರಿ ಸ್ಕ್ರೂ ಡ್ರೈವರ್ ಕೈಗೆತ್ತಿಕೊಂಡರು. ತಮ್ಮ ಹೊರಟದ್ದೇ ತಡ, ಇವರೂ ಅವನ ಬೆನ್ನಿಗೆ ಬಿದ್ದರು. ಹೋಟೆಲಿನಲ್ಲಿ ಯಾರನ್ನೋ ಕಂಡು ಏನೋ ಸಂಚು ಮಾಡಿಬಿಡುತ್ತಾನೆಂಬ ಗುಮಾನಿ! ಮೇಸ್ತ್ರಿ ಕಾರ್ಬುರೇಟರಿನ ಮುಚ್ಚಳ ಬಿಚ್ಚಿ, ಒಂದು ಪುಟ್ಟ ಸರಳನ್ನು ಎಳೆದು, ನಾನು ಹಿಡಿದಿದ್ದ ತಟ್ಟೆಗೆ ಹಾಕಿದರು. ಅದರ ತುದಿಯಲ್ಲಿ ಬೆರಳುಗುರಿನಷ್ಟು ಚರ್ಮದ ವಾಷರ್, ಸುಟ್ಟ ಹಪ್ಪಳದ ಹಾಗೆ ಸುರುಟಿಕೊಂಡಿತ್ತು.

ಇವರು ವಾಪಸು ಬಂದಾಗ ಮೇಸ್ತ್ರಿ ಅದನ್ನು ಅಂಗೈ ಮೇಲಿಟ್ಟುಕೊಂಡು ಎದುರಿಗೆ ಚಾಚಿದರು. "ಇದು ಪೆಟ್ರೋಲಲ್ಲಿ ನೆನೀತಾ ಇರಬೇಕು ಸಾಮಿ. ಗಾಡಿ ವಾರಕ್ಕೊಂದು ಸಲ ಓಡಿದ್ರೂ ಮೆತ್ತಗಿರ್ತದೆ. ತಿಂಗಳು ಪೂರ್ತಿ ನಿಂತ್ರೆ ಒಳಗಿನ ಪೆಟ್ರೋಲ್ ಆರಿ, ಇದು ಒಣಗಿ ಮುದುಡ್ಕೊಳ್ತದೆ. ಆಮೇಲೆ ಪೆಟ್ರೋಲ್ ಬಂದ್ರೂ ಅರಳಲ್ಲ. ನಿಮ್ಮ ಗಾಡಿ ಆಷಾಢ ಪೂರ್ತಿ ಅಲ್ಲಾಡಿಲ್ಲ. ನಾನೂ ಈ ಹುಡುಗನ ಮೇಲೆ ಅನುಮಾನ ಪಟ್ಟೇ ಕೆಲಸ ಶುರು ಮಾಡಿದ್ದು. ಈಗ ಇಲ್ಲ."

ತಮ್ಮ ಟೀ ಗ್ಲಾಸು ಹಿಡಿದುಕೊಂಡೇ ನಿಂತಿದ್ದ. ಅವನ ಕಣ್ಣು ತುಂಬಿತ್ತು. ನನಗೆ ಮೇಸ್ತ್ರಿಯ ಕಾಲಿಗೆ ಬೀಳಬೇಕೆನ್ನಿಸಿತು. ಅವರು ಆ ವಾಷರನ್ನು ಎಣ್ಣೆಯಲ್ಲಿ ನೆನೆಸಿ, ಹೆಬ್ಬೆರಳಿನಿಂದ ಅದರ ಅಂಚನ್ನು ಮೆಲ್ಲಗೆ ಬಿಡಿಸಿ, ಮತ್ತೆ ಕೂರಿಸಿದರು. ಗಾಡಿ ಒತ್ತಿದ ಕೂಡಲೇ ಹಾರಿತು.

ಹಿಂದಿರುಗುವಾಗ ನಾನು ಸಂತೋಷದಲ್ಲಿ ಏನೇನೋ ಮಾತಾಡುತ್ತಿದ್ದೆ. ಶಿವಮೊಗ್ಗ ಹತ್ತಿರ ಬರುವಾಗ ಇವರು ಕಿಟಕಿಯಾಚೆ ನೋಡುತ್ತಲೇ ತಮ್ಮನನ್ನು ಕೇಳಿದರು, "ನೀನೂ ಆ ಮೇಸ್ತ್ರೀನೂ ಮೊದಲೇ ಮಾತಾಡ್ಕೊಂಡಿದ್ರಾ?"

ತಮ್ಮ ಗೋಡೌನಿಗೆ ತಂದು ಗಾಡಿ ನಿಲ್ಲಿಸಿ, ಕೀಲಿಯನ್ನು ಸೀಟಿನ ಮೇಲಿಟ್ಟು ಇಳಿದ. "ಬರ್ತೀನಿ ಅಕ್ಕ" ಎಂದ. ಊಟ ಮಾಡಿಕೊಂಡು ಹೋಗೋ ಎಂದೆ. ಮನೆಯಲ್ಲಿದ್ದ ತನ್ನ ಬಟ್ಟೆ ಕೂಡ ತೆಗೆದುಕೊಳ್ಳಲಿಲ್ಲ. ಭದ್ರಾವತಿಗೆ ಹೋಗಿ ಮೇಸ್ತ್ರಿಯ ಶೆಡ್ಡಿನಲ್ಲೇ ಕೆಲಸಕ್ಕೆ ನಿಂತ. ಆಯಿತಲ್ಲ, ಇವರಿಗೆ ಅದೂ ಒಂದು ರುಜುವಾತಾಯಿತು. ಪ್ರತಿ ಗೌರಿಹಬ್ಬಕ್ಕೆ ತಮ್ಮ ಬಾಗಿನ ತಂದು ಬಾಗಿಲಲ್ಲೇ ಕೊಟ್ಟು ಹೋಗುತ್ತಾನೆ. ಇಷ್ಟು ವರ್ಷದಲ್ಲಿ ನಮ್ಮ ಮನೆಯ ಒಂದು ಲೋಟ ನೀರು ಕುಡಿದಿಲ್ಲ.

ಹೋದ ವರ್ಷ ಅವನೇ ಫೋನ್ ಮಾಡಿ ಮೇಸ್ತ್ರಿ ತೀರಿಕೊಂಡ ಸುದ್ದಿ ಹೇಳಿದ. ಹೇಳುತ್ತಲೇ ಅತ್ತ, ನಾನೂ ಅತ್ತೆ. ಊಟಕ್ಕೆ ಕೂತಾಗ ಇವರಿಗೂ ತಿಳಿಸಿದೆ. ಇವರಿಗೀಗ ವಯಸ್ಸಾಗಿದೆ, ಕೈ ನಡುಗುತ್ತದೆ. ವ್ಯಾಪಾರ ಮುಚ್ಚಿ, ಟ್ರಕ್ಕನ್ನು ಗುಜರಿಗೆ ಹಾಕಿ ಯಾವ ಕಾಲವಾಯಿತೋ. ಪಾಪ, ಒಳ್ಳೇ ಮನುಷ್ಯ ಎಂದು ಈಗಲಾದರೂ ಅಂದಾರು ಅಂದುಕೊಂಡೆ. ತುತ್ತು ಕಲಸುತ್ತಲೇ ಇವರು ಶುರು ಮಾಡಿದರು:

"ಆ ವಾಷರ್ ನಮ್ಮ ಗಾಡೀದೇ ಅಂತ ಏನು ಗ್ಯಾರಂಟಿ? ನಾನು ಬರೋ ಹೊತ್ತಿಗೆ ಅವನ ಕೈಲಿತ್ತು. ಯಾವುದೋ ಹಳೇದನ್ನ ತೋರಿಸಿರಬಹುದು."

ನನಗೆ ಮೈಯೆಲ್ಲ ಉರಿದುಹೋಯಿತು. "ನಾನು ತಟ್ಟೆ ಹಿಡ್ಕೊಂಡು ಅಲ್ಲೇ ನಿಂತಿದ್ದೆನಲ್ಲಾ! ನನ್ನ ಕಣ್ಣೆದುರಿಗೇ ತೆಗೆದ್ರು!"

ಇವರು ತಲೆಯೆತ್ತಿ ನನ್ನನ್ನು ನೋಡಿದರು. "ನೀನು ಅವನ ಅಕ್ಕ ತಾನೇ" ಎಂದರು.

ಇಷ್ಟು ವರ್ಷ ಒಂದೇ ಮನೆಯಲ್ಲಿ ಬಾಳಿ... ಅನ್ನದ ಪಾತ್ರೆಯನ್ನು ಅಲ್ಲೇ ಬಿಟ್ಟು ಎದ್ದು ಹೋದೆ. ಅವತ್ತಿನಿಂದ ಈ ಮಾತು ಎತ್ತಿಲ್ಲ. ಎತ್ತಿ ಮಾಡುವುದಾದರೂ ಏನು? ಆ ಸರಳನ್ನು ಹೊರಗೆ ತೆಗೆದಾಗ ಶೆಡ್ಡಿನಲ್ಲಿ ಇದ್ದವರು ಇಬ್ಬರೇ, ಮೇಸ್ತ್ರಿ ಮತ್ತು ನಾನು. ಈಗ ನಾನೊಬ್ಬಳೇ ಉಳಿದಿದ್ದೇನೆ. ನನ್ನ ಮಾತು ಈ ಮನೆಯಲ್ಲಿ ಸಾಕ್ಷಿಯಾಗುವುದಿಲ್ಲ.