ದರ್ಜಿ ಬರೆದ ಕುದುರೆಯ ಹೆಸರು

ನಮ್ಮ ಹೊನ್ನಾಳಿಯ ದರ್ಜಿಯ ಎಡಗಿವಿಯ ಮೇಲಿನ ಕೂದಲು ಯಾವಾಗಲೂ ನೀಲಿ. ಬಟ್ಟೆಗೆ ಗೆರೆ ಎಳೆಯುವ ನೀಲಿ ಸುಣ್ಣದ ಬಿಲ್ಲೆಯನ್ನು ಅಲ್ಲೇ ಸಿಕ್ಕಿಸಿಕೊಳ್ಳುತ್ತಿದ್ದರು. ನಾನು ಅವರಿಗೆ 'ಅರ್ಧ ಕೃಷ್ಣ' ಅಂತ ಹೆಸರಿಟ್ಟಿದ್ದೆ. ಅಡ್ಡಹೆಸರು ಇಡುವುದರಲ್ಲಿ ನನ್ನನ್ನು ಮೀರಿಸಿದವರು ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಎರಡನೇ ಮಹಾಯುದ್ಧಕ್ಕೆ ಮುಂಚಿನ ಮಾತು. ಅದೇ ಸುಣ್ಣದಲ್ಲಿ ಅವರು ದಿನಾ ಬೆಳಗ್ಗೆ ಅಂಗಡಿ ಬಾಗಿಲ ಹಲಗೆಯ ಮೇಲೆ ಒಂದು ಪ್ರಶ್ನೆ ಬರೆಯುತ್ತಿದ್ದರು. ಇವತ್ತು 'ಇಕ್ಕೇರಿ ಬಿಟ್ಟ ಕೆಳದಿ ಅರಸರು ಎಲ್ಲಿಗೆ ಹೋದರು?' ಅಂತಿದ್ದರೆ, ನಾಳೆ 'ಹೋದ ವರ್ಷ ಬಂದ ನಾಟಕ ಕಂಪನಿಯಲ್ಲಿ ದ್ರೌಪದಿಯಾದವನ ಊರು ಯಾವುದು?' ಸಂಜೆ ಉತ್ತರ ಹೇಳಿ, ಸರಿಯಾಗಿ ಹೇಳಿದವರ ಹೆಸರನ್ನು ಕೆಳಗೆ ಬರೆಯುವರು. ಆ ಹೆಸರಿಗಾಗಿ ದೊಡ್ಡ ದೊಡ್ಡವರು ಜಗಳವಾಡುತ್ತಿದ್ದರು. ಸಂತೆಗೆ ಬಂದ ಸವಳಂಗದವರೂ ಗಾಡಿ ನಿಲ್ಲಿಸಿ ಓದುತ್ತಿದ್ದರು.

ದರ್ಜಿ ಓದಿದ್ದು ಮೂರನೇ ಕ್ಲಾಸು. ನಾಟಕದ ಕಂಪನಿಗಳಿಗೆ ರಾಜರ ಅಂಗಿ ಹೊಲಿಯುತ್ತ, ಪರದೆಯ ಮರೆಯಲ್ಲಿ ಕೂತು ಕೇಳಿದ್ದೇ ಅವರ ಇತಿಹಾಸ. ಅದಕ್ಕೇ ಅವರಿಗೊಂದು ನೇಮವಿತ್ತು. "ಎರಡು ಬಾಯಿಂದ ಕೇಳದೆ ಹಲಗೆ ಮೇಲೆ ಬರಿಯಾಕೆ ಹೋಗಬಾರದು."

ಆಗ ನನಗೆ ಇಪ್ಪತ್ತೆರಡು. ಊರಿಗೇ ಬುದ್ಧಿವಂತ. ಒಂದು ದಿನ ದರ್ಜಿಗೆ ಗಂಭೀರವಾಗಿ ಹೇಳಿದೆ: "ಬಸವಾಪಟ್ಟಣದ ಕೋಟೆ ಪಾಳೇಗಾರನ ಕುದುರೆ ಹೆಸರು ಬೆಳ್ಳಿಗೊರಸು ಅಂತ. ಹಳೇ ಕಡತದಾಗೆ ಐತ್ರಿ."

ಕಡತವೂ ಇರಲಿಲ್ಲ, ಕುದುರೆಯೂ ಇರಲಿಲ್ಲ.

"ಇನ್ನೊಬ್ಬರನ್ನ ಕೇಳಬೇಕು," ಅಂದರು. ಆಮೇಲೆ ನಕ್ಕು, "ಬಿಡು, ನೀನು ಓದಿದಾವ. ನಿಂದೊಂದೇ ಬಾಯಿ ಸಾಕು ತಮ್ಮಾ."

ಮರುದಿನ ಹಲಗೆಯ ಮೇಲೆ ಆ ಕುದುರೆಯದೇ ಪ್ರಶ್ನೆ. ಸಂಜೆ ಉತ್ತರದ ಕೆಳಗೆ ನನ್ನದೇ ಹೆಸರು! ಬೆಳಗಾದರೆ ಅಳಿಸಿಬಿಡುತ್ತಾರಲ್ಲ ಅಂತ ಗೆಳೆಯರನ್ನೆಲ್ಲ ಕರೆದುಕೊಂಡು ಹೋಗಿ ತೋರಿಸುತ್ತಿದ್ದೆ. ಅಷ್ಟರಲ್ಲಿ ಕೋಟು ಹೊಲಿಸಲು ಬಂದಿದ್ದ ಶಾಲಾ ಇನ್ಸ್‌ಪೆಕ್ಟರು ಹಲಗೆ ಓದಿದರು.

"ಇದು ಯಾವ ಪುಸ್ತಕದಲ್ಲಿದೆ? ನಿಮಗೆ ಯಾರು ಹೇಳಿದರು?"

ದರ್ಜಿ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಅಷ್ಟು ಸಾಕಾಯಿತು ಅವರಿಗೆ.

"ಯಾರೂ ಹೇಳಿಲ್ಲ ಸ್ವಾಮಿ. ನಾನೇ ಕಟ್ಟಿದ್ದು. ಈ ಹುಡುಗನಿಗೂ ನಾನೇ ಹೇಳಿಕೊಟ್ಟಿದ್ದೆ."

"ಹಂಗಾರೆ ಇಷ್ಟು ವರ್ಷ ನೀ ಬರೆದಿದ್ದೆಲ್ಲ ಸುಳ್ಳೇನಪ್ಪ ದರ್ಜಿ?" ಅಂದರು, ಹಲಗೆ ಓದಲು ಬಂದಿದ್ದ ಅಡಿಕೆ ಸಾಹುಕಾರರು. ನಿಂತವರೆಲ್ಲ ನಕ್ಕರು. ನಾನೂ ನಕ್ಕೆ.

ಮರುದಿನ ಹಲಗೆ ಬರಿದು. ಒಳಗೆ ಹೋಗಿ, "ಎಲ್ಲರ ಮುಂದೆ ನಿಜ ಹೇಳಿಬಿಡ್ತೀನ್ರಿ," ಅಂದೆ.

ಅವರು ಸೂಜಿಗೆ ದಾರ ಪೋಣಿಸುತ್ತಲೇ ಇದ್ದರು. "ಬ್ಯಾಡ. ನಿನಗೆ ಹೆಣ್ಣು ನೋಡ್ತಾ ಅದಾರೆ. ಸುಳ್ಳುಗಾರ ಅಂದ್ರೆ ಯಾರು ಕೊಡ್ತಾರೆ? ನಂದೇನು, ವಯಸ್ಸಾತು."

ಆ ಮಾತು ನನಗೆ ಅನುಕೂಲವಾಯಿತು. ಮದುವೆಯೂ ಆಯಿತು. ಜನ ಅವರನ್ನು 'ಕುದುರೆ ದರ್ಜಿ' ಅನ್ನತೊಡಗಿದರು. ಆ ಹೆಸರನ್ನು ಇಟ್ಟವನು ನಾನಲ್ಲ. ಆದರೆ ತಡೆಯಲೂ ಇಲ್ಲ. ದಾರಿಯಲ್ಲಿ ಯಾರಾದರೂ ಏನಾದರೂ ಕೇಳಿದರೆ ದರ್ಜಿ, "ನಂಗೆ ಗೊತ್ತಿಲ್ಲಪ್ಪ," ಅಂತ ಮುಂದೆ ಹೋಗುತ್ತಿದ್ದರು. ಆಮೇಲೆ ಹಲಗೆಯ ಮೇಲೆ ಒಂದಕ್ಷರ ಬರೆಯಲಿಲ್ಲ.

ಯುದ್ಧದ ನಡುವೆ, ಚಳಿಜ್ವರ ಬಂದು ಹೋಗಿಬಿಟ್ಟರು. ಹೆಣಕ್ಕೆ ಹೆಗಲು ಕೊಟ್ಟೆ. ಹೊಳೆದಂಡೆಯಲ್ಲಿ ಯಾರೋ, "ಪಾಪ, ಒಳ್ಳೆ ಮನುಷ್ಯ, ಸುಳ್ಳು ಹೇಳ್ತಿದ್ದ ಅಷ್ಟೆ," ಅಂದರು. ಆಗಲೂ ಬಾಯಿ ಬಿಡಲಿಲ್ಲ.

ಅವತ್ತು ನಕ್ಕವರಲ್ಲಿ ಈಗ ಉಳಿದವನು ನಾನೊಬ್ಬನೇ. ತಡವಾಯಿತು, ಆದರೂ ಹೇಳುತ್ತೇನೆ: ಕುದುರೆ ನನ್ನದು. ದರ್ಜಿ ಬರೆದ ಉಳಿದದ್ದೆಲ್ಲ ನಿಜ.