ಎದುರಿಗೆ ಕೂತ ಪೆನ್ಸಿಲ್ಲು

ಯುದ್ಧದ ಕಾಲ. ರೇಷನ್ ಅಕ್ಕಿಯ ವಿಚಾರವಾಗಿ ಹಲಸೂರಿನ ಬಯಲಿನಲ್ಲಿ ಹೆಂಗಸರ ಸಭೆ ಸೇರಿತ್ತು. ಮಾತಾಡಲು ನಿಂತವಳು ನಾನು. ಬಾಯಿಪಾಠ ಮಾಡಿದ್ದ ಭಾಷಣ ಶುರುಮಾಡಿದರೆ ಯಾರೂ ನನ್ನ ಮುಖ ನೋಡಲಿಲ್ಲ. ಎಲ್ಲರ ಕಣ್ಣೂ ಎದುರಿಗೆ ಕೂತು ನನ್ನ ಮಾತು ಬರೆದುಕೊಳ್ಳುತ್ತಿದ್ದ ಪೊಲೀಸಿನವನ ಪೆನ್ಸಿಲ್ಲಿನ ಮೇಲೆ. ಹೆದರಿ ಒಬ್ಬೊಬ್ಬರೇ ಏಳತೊಡಗಿದರು. ನನಗೆ ಸಿಟ್ಟು ನೆತ್ತಿಗೇರಿತು.

“ಬರ್ಕೊಳ್ರೀ, ನಮ್ಮನೆ ಅಕ್ಕೀಲಿ ಬರೀ ಕಲ್ಲು. ನಿಮ್ಮನೆ ಅಕ್ಕೀಲಿ ಏನಿದೆ, ಅದನ್ನೂ ಬರ್ಕೊಳ್ಳಿ!” ಎಂದು ಅವನಿಗೇ ಹೇಳಿಬಿಟ್ಟೆ.

ಪೆನ್ಸಿಲ್ಲು ನಿಂತಿತು. ಎದ್ದವರೂ ನಿಂತಲ್ಲೇ ನಿಂತರು. ಇನ್ನು ನನ್ನನ್ನು ಎಳೆದೊಯ್ಯುತ್ತಾನೆ ಎಂದುಕೊಂಡೆ.

ಅವನು ತಲೆಯೆತ್ತದೆ, “ಕಲ್ಲೇ ಕಣಮ್ಮಾ. ನಿನ್ನೆ ನನ್ ಮಗಳ ಹಲ್ಲು ಮುರೀತು” ಎಂದ.

ಎದ್ದವರೆಲ್ಲ ಮತ್ತೆ ಕೂತರು. ಆಮೇಲೆ ನಾನು ಬಹಳ ಹೊತ್ತು ಮಾತಾಡಿದೆ. ಜನ ಇಂದಿಗೂ ನೆನೆಯುವುದು ಆ ಹಲ್ಲನ್ನು.