ಮಾವ ಕೊಟ್ಟ ಬೈಕಿನ ಬ್ರೇಕು

ತೊಂಬತ್ತರ ದಶಕದ ಶುರುವಿನಲ್ಲಿ ನನ್ನ ಮದುವೆಯಾಯಿತು. ಹೆಣ್ಣಿನ ಕಡೆಯವರು ನನಗೊಂದು ಬೈಕು ಕೊಟ್ಟರು. ನಾನೇನೂ ಕೇಳಿರಲಿಲ್ಲ ಅಂತ ಈಗಲೂ ಹೇಳಿಕೊಂಡು ತಿರುಗುತ್ತೇನೆ. ಬೇಡ ಅಂತಲೂ ಅಂದಿರಲಿಲ್ಲ, ಅದನ್ನು ಮಾತ್ರ ಯಾರಿಗೂ ಹೇಳುವುದಿಲ್ಲ.

ಅಂತಿಂಥ ಬೈಕಲ್ಲ ಅದು. ನಮ್ಮ ಕಡೆ ಹುಡುಗರು ಅದರ ಸದ್ದು ಕೇಳಿದರೆ ಕೈಲಿದ್ದ ಕೆಲಸ ಬಿಟ್ಟು ರಸ್ತೆಗೆ ಬರುತ್ತಿದ್ದರು. ಸಣ್ಣ ಮೈ, ಸಿಡುಕು ಇಂಜಿನ್ನು. ಆಕ್ಸಿಲರೇಟರ್ ತಿರುಗಿಸಿದರೆ ಕೂತವನ ಬೆನ್ನು ಹಿಂದಕ್ಕೆ ಜಗ್ಗುತ್ತಿತ್ತು. ಪಾಂಡವಪುರದಿಂದ ಶ್ರೀರಂಗಪಟ್ಟಣದವರೆಗೆ ಯಾವ ಕಾರಿಗೂ ಅದು ದಾರಿ ಬಿಡುತ್ತಿರಲಿಲ್ಲ. ಅದನ್ನು ಓಡಿಸಿದ್ದು ನನ್ನ ಬದುಕಿನ ದೊಡ್ಡ ಖುಷಿಗಳಲ್ಲಿ ಒಂದು. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ, ಆದರೂ ನಿಜ.

ತೊಂದರೆ ಇದ್ದದ್ದು ನನ್ನ ಕೆಲಸದಲ್ಲಿ. ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ ಅಕ್ಕಿಹೆಬ್ಬಾಳಿನ ಸುತ್ತಮುತ್ತಲ ಊರುಗಳಲ್ಲಿ ಹಸುಗಳಿಗೆ ಗರ್ಭ ಕಟ್ಟಿಸುವ ಇಂಜೆಕ್ಷನ್ ಕೊಡುವುದು ನನ್ನ ಕೆಲಸ. ಜನ ಬಾಯ್ತುಂಬ ಡಾಕ್ಟ್ರೇ ಅನ್ನುತ್ತಿದ್ದರು, ನಾನೂ ತಿದ್ದುತ್ತಿರಲಿಲ್ಲ. ಹಿಂದಿನ ಸೀಟಿಗೆ ಹೋರಿಯ ವೀರ್ಯ ಕೆಡದಂತೆ ತಣ್ಣಗಿಡುವ ನೈಟ್ರೋಜನ್ ಕ್ಯಾನು ಬಿಗಿದು, ಗದ್ದೆ ಬದಿಯ ಗಾಡಿದಾರಿಯಲ್ಲಿ ದಿನಕ್ಕೆ ಏಳೆಂಟು ಹಟ್ಟಿ ಸುತ್ತಬೇಕು. ಓಡಲೆಂದೇ ಹುಟ್ಟಿದ ಆ ಬೈಕು ನಡೆದುಕೊಂಡು ಹೋಗುವ ವೇಗದಲ್ಲಿ ಉಸಿರು ಕಟ್ಟಿ ಸಾಯುತ್ತಿತ್ತು. ಪ್ಲಗ್ಗು ಮಸಿ ಹಿಡಿಯುತ್ತಿತ್ತು. ಪೆಟ್ರೋಲು ಕುಡಿಯುತ್ತಿತ್ತು. ಸದ್ದಿಗೆ ಹಸುಗಳು ಹಗ್ಗ ಕಿತ್ತುಕೊಂಡು ಓಡುತ್ತಿದ್ದವು. ಒಬ್ಬ ಅಜ್ಜಿಯಂತೂ, "ಡಾಕ್ಟ್ರೇ, ನೀವು ಊರಾಚೆ ಗಾಡಿ ನಿಲ್ಸಿ ನಡ್ಕಂಡು ಬನ್ನಿ, ಇಲ್ದಿದ್ರೆ ಕಟ್ಟಿರೋ ಗರ್ಭನೂ ಇಳ್ದೋಯ್ತದೆ" ಅಂದಳು.

ಹೆಂಡತಿ ಎರಡು ವರ್ಷ ನೋಡಿದಳು, ಆಮೇಲೆ ಹೇಳಿದಳು: "ಇದ್ನ ದಿನಾ ಕೊಚ್ಚೇಲಿ ಯಾಕೆ ಹೊಡೀತೀರಾ? ಒಂದು ಹಳೇ ಮೊಪೆಡ್ಡು ತಕ್ಕಳಿ. ಇದು ಒಳ್ಳೇ ಕೆಲ್ಸಕ್ಕಿರ್ಲಿ." ನನ್ನ ಮನಸ್ಸು ಒಪ್ಪಲಿಲ್ಲ. ದಿನವೂ ಓಡಿಸದೆ ಸುಮ್ಮನೆ ನಿಲ್ಲಿಸಿದರೆ ಅದು ಬೈಕಾಗಿ ಯಾಕಿರಬೇಕು? ದಿನವೂ ಓಡಿಸಿದರೆ ಅದು ಬೈಕಾಗಿ ಉಳಿಯುವುದಿಲ್ಲ, ಅದೂ ಕಾಣುತ್ತಿತ್ತು. ಹೀಗೆ ಹಿಂದುಮುಂದು ನೋಡುತ್ತಲೇ ಒಂದು ಮಳೆಗಾಲ ಕಳೆಯಿತು. ಹೊಲದ ಬದುವಿನ ಮೇಲೆ ಕ್ಯಾನಿನ ಸಮೇತ ಜಾರಿ ಬಿದ್ದ ದಿನ ಸೋತೆ. ರಿಟೈರಾಗಿದ್ದ ಒಬ್ಬ ಮೇಷ್ಟ್ರಿಂದ ಮೊಪೆಡ್ಡು ತಂದೆ. ಬಣ್ಣ ಹೋಗಿತ್ತು, ಸೀಟು ಹರಿದಿತ್ತು, ಹೇಳಿದ ಮಾತು ಕೇಳುತ್ತಿತ್ತು.

ಇಲ್ಲಿ ನಮ್ಮ ಕಡೆಯ ಒಂದು ವಿಷಯ ಹೇಳಬೇಕು. ಹೆಣ್ಣಿನ ಮನೆಯವರು ಕೊಟ್ಟ ಸಾಮಾನಿನಲ್ಲಿ ಹುಳುಕು ಹೇಳಬಾರದು. ಮಂಚ ಅಲುಗಾಡುತ್ತದೆ ಅಂದರೆ ಬೇರೆ ಮಂಚ ಕೇಳಿದ ಹಾಗೆ. ಗಡಿಯಾರ ನಿಂತಿದೆ ಅಂದರೆ ಚಿನ್ನದ್ದು ಕೇಳಿದ ಹಾಗೆ. ಆ ಮಾತು ಬೀಗರ ಮನೆಗೆ ಹೋಗಿ ಮುಟ್ಟುವ ಹೊತ್ತಿಗೆ ಹೆಣ್ಣಿನ ತವರು ತಲೆ ತಗ್ಗಿಸಿರುತ್ತದೆ. ಮರ್ಯಾದಸ್ಥ ಅಳಿಯ ಬಾಯಿ ಮುಚ್ಚಿಕೊಂಡಿರುತ್ತಾನೆ. ನಾಗಮಂಗಲದ ಕಡೆಯ ನನ್ನ ಮಾವ ಪ್ರತಿ ಸಲ ಸಿಕ್ಕಾಗಲೂ ನಾಲ್ಕು ಜನರ ಮುಂದೆ ಕೇಳುತ್ತಿದ್ದರು: "ಗಾಡಿ ಎಂಗೈತೆ ಅಳಿಯಂದ್ರೇ?" ನಾನು ಪ್ರತಿ ಸಲವೂ, "ಚೆನ್ನಾಗೈತೆ ಮಾವ" ಅನ್ನುತ್ತಿದ್ದೆ. ಕೇಳುವುದೂ ಹೇಳುವುದೂ ನಮಸ್ಕಾರದ ಹಾಗೆ ನಡೆದು ಹೋಗುತ್ತಿತ್ತು.

ಮೊಪೆಡ್ಡಿನ ಸುದ್ದಿ ಕೇಳಿ ಮಾವ ಒಂದೇ ವಾರದಲ್ಲಿ ಬಸ್ಸು ಹತ್ತಿ ಬಂದರು. ನೀರು ಕುಡಿಯುವ ಮುಂಚೆಯೇ, "ನಾವು ಕೊಟ್ಟಿದ್ದು ಸರಿಯಾಗ್ಲಿಲ್ವಾ?" ಅಂದರು. ಮುಖ ಸಣ್ಣದಾಗಿತ್ತು. "ಅಯ್ಯೋ, ಅದನ್ನ ಸಗಣಿ ಕೆಲ್ಸಕ್ಕೆ ಹಾಕಕ್ಕೆ ಮನಸ್ಸು ಬರ್ಲಿಲ್ಲ ಮಾವ. ಗಾಡಿ ಬಂಗಾರದಂಗೈತೆ" ಅಂದೆ. ಅವರ ಉಸಿರು ಕೆಳಗಿಳಿಯಿತು. ಬಂಗಾರ ಅಂದವನಿಗೆ ಮತ್ತೆ ಕಬ್ಬಿಣ ಅನ್ನುವ ಬಾಯಿ ಎಲ್ಲಿ ಉಳಿಯುತ್ತದೆ?

ಬೈಕು ಜಗಲಿ ಸೇರಿತು. ಹೆಂಡತಿ ಅದಕ್ಕೆ ತನ್ನ ಹಳೇ ಸೀರೆ ಹೊದಿಸಿದಳು. ವಾರಕ್ಕೊಮ್ಮೆ ನಾನು ಸೀರೆ ಸರಿಸಿ ಕಿಕ್ಕು ಹೊಡೆದು, ಎರಡು ನಿಮಿಷ ಸದ್ದು ಕೇಳಿ ಆಫ್ ಮಾಡುತ್ತಿದ್ದೆ. ಅದು ನಿಂತಲ್ಲೇ ಸದ್ದು ಮಾಡುತ್ತಿತ್ತು, ಹಾಗಾಗಿ ಚೆನ್ನಾಗಿದೆ ಅಂತ ನಾನೂ ನಂಬುತ್ತಾ ಬಂದೆ. ದಿನವೂ ಓಡಿಸುವವನಿಗೆ ಗಾಡಿಯ ನೋವು ಕೈಕಾಲಿಗೆ ತಿಳಿಯುತ್ತದೆ. ನಿಲ್ಲಿಸಿದವನಿಗೆ ಅದು ಮರೆತುಹೋಗುತ್ತದೆ.

ಮರೆತದ್ದು ಬ್ರೇಕು. ಮೊಪೆಡ್ಡು ತರುವ ಹದಿನೈದು ದಿನ ಮುಂಚೆ ಪಾಂಡವಪುರದ ಮೆಕ್ಯಾನಿಕ್ಕು ಸಾಬರು ಮುಂದಿನ ಚಕ್ರ ತಿರುಗಿಸಿ ಹೇಳಿದ್ದರು: "ಮುಂದಿನ ಬ್ರೇಕ್ ಶೂ ಪೂರಾ ಖಲಾಸ್. ಹಿಂದಿಂದು ಅರ್ಧ ಜೀವ. ಗಾಡಿ ಇವತ್ತು ಬುಟ್ಟೋಗಿ." ಅವತ್ತು ಯಾರದೋ ಹಸು ಕಾಯುತ್ತಿತ್ತು. ಮತ್ತೆ ಬರುತ್ತೇನೆ ಅಂದೆ. ಆಮೇಲೆ ಬೈಕು ಜಗಲಿಯಲ್ಲಿ ನಿಂತಿತು. ನಿಂತ ಗಾಡಿಗೆ ಬ್ರೇಕ್ ಯಾಕೆ ಅಂತ ಸುಮ್ಮನಾದೆ. ಐದು ತಿಂಗಳು ಹಾಗೇ ಇದ್ದೆ.

ಆಗ ಬಾಮೈದನಿಗೆ ಹೆಣ್ಣು ಗೊತ್ತಾಗುತ್ತಾ ಬಂತು. ಹೆಂಡತಿಯ ಒಬ್ಬನೇ ತಮ್ಮ, ನಗುಮುಖದ ಹುಡುಗ, ನನ್ನ ಮೇಲೆ ಪ್ರಾಣ. ಹುಡುಗಿಯ ಮನೆ ಶ್ರೀರಂಗಪಟ್ಟಣದಾಚೆ, ಕರಿಘಟ್ಟದ ಬುಡದಲ್ಲಿ. ಹೆಣ್ಣು ನೋಡಲು ಬಸ್ಸಿನಲ್ಲಿ ಹೋಗಿ ಇಳಿಯಲು ಅವನಿಗೆ ಇಷ್ಟವಿರಲಿಲ್ಲ. ಅಪ್ಪನ ಜೊತೆ ಹಿಂದಿನ ದಿನವೇ ನಮ್ಮ ಮನೆಗೆ ಬಂದ. ಬೆಳಿಗ್ಗೆ ಹೊಸ ಷರಟು ಹಾಕಿ, ಸೀರೆ ಸರಿಸಿ ಬೈಕಿನ ಟ್ಯಾಂಕು ಒರೆಸಿದ. ಅವನು ಮುಂದೆ ಹೋಗಿ ಪಾಂಡವಪುರದಲ್ಲಿ ಹೂವು ಹಣ್ಣು ತೆಗೆದುಕೊಳ್ಳುವುದು, ನಾವು ಬಸ್ಸಿನಲ್ಲಿ ಹಿಂದೆ ಹೋಗುವುದು ಅಂತ ಮಾತಾಗಿತ್ತು.

ಕೀಲಿ ಕೈಗೆ ಕೊಡುವಾಗ ಅವನು ಕೇಳಿದ: "ಗಾಡಿ ಎಂಗೈತೆ ಬಾವ?"

ಬಾಯಿಗೆ ಬಂದಿತ್ತು. ಸಾಬರ ಮಾತು ಅಷ್ಟೂ ನೆನಪಾಯಿತು, ಆ ಕ್ಷಣದಲ್ಲೇ ನೆನಪಾಯಿತು. ಅದನ್ನು ಮರೆವು ಅಂತ ಸುಳ್ಳು ಹೇಳುವುದಿಲ್ಲ. ಆದರೆ ಮಾವ ಜಗಲಿಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಾ ನನ್ನ ಮುಖವನ್ನೇ ನೋಡುತ್ತಿದ್ದರು. ಬಾಗಿಲಲ್ಲಿ ಹೆಂಡತಿ ನಿಂತಿದ್ದಳು.

"ಚೆನ್ನಾಗೈತೆ ಕಣ್ಲಾ" ಅಂದೆ. "ನಿಧಾನಕ್ಕೆ ಹೋಗು."

ನಿಧಾನಕ್ಕೆ ಹೋಗು ಅಂದೆನಲ್ಲ, ನನ್ನಲ್ಲಿದ್ದ ಪ್ರಾಮಾಣಿಕತೆ ಅಷ್ಟೇ.

ನಾವು ಬಸ್ಸಿನಲ್ಲಿ ಪಾಂಡವಪುರ ದಾಟಿ ಸ್ವಲ್ಪ ದೂರ ಹೋದಾಗ ಇಳಿಜಾರಿನಲ್ಲಿ ಜನ ಸೇರಿದ್ದರು. ಮಧ್ಯಾಹ್ನ ಆಗಿರಲಿಲ್ಲ, ಬಿಸಿಲು ಬೆಳ್ಳಗಿತ್ತು. ಕಬ್ಬು ತುಂಬಿದ ಎತ್ತಿನ ಗಾಡಿಯೊಂದು ರಸ್ತೆಗೆ ಅಡ್ಡ ತಿರುಗಿತ್ತು. ಅದರ ಚಕ್ರದ ಕೆಳಗೆ ಬೈಕಿನ ಮುಂಭಾಗವಿತ್ತು. ಸೇವಂತಿಗೆ ಹಾರ ರಸ್ತೆಯ ಮೇಲೆ ಬಿಚ್ಚಿಕೊಂಡಿತ್ತು. ಬಾಮೈದನನ್ನು ಆಗಲೇ ಯಾರೋ ಲಾರಿಯಲ್ಲಿ ಮಲಗಿಸಿ ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ಜೀವ ಉಳಿಯಿತು. ಬಲಗಾಲನ್ನು ಮಂಡಿಯ ಕೆಳಗೆ ತೆಗೆದರು. ಹೆಣ್ಣಿನ ಕಡೆಯವರು ಒಂದು ಸಲ ಆಸ್ಪತ್ರೆಗೆ ಬಂದು ಕಿತ್ತಳೆ ಹಣ್ಣು ಇಟ್ಟು ಹೋದರು, ಮತ್ತೆ ಬರಲಿಲ್ಲ.

ನನ್ನನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮಾವ ಆಸ್ಪತ್ರೆಯ ಮೆಟ್ಟಿಲ ಮೇಲೆ ನನ್ನ ಕೈ ಹಿಡಿದುಕೊಂಡು, "ನಮ್ಮುಡುಗನೇ ಜೋರಾಗಿ ಓಡಿಸ್ದ. ನಿಮ್ ಗಾಡಿ ಹಾಳು ಮಾಡ್ಬುಟ್ಟ. ಬೇಜಾರ್ ಮಾಡ್ಕಬೇಡಿ" ಅಂದರು. ಮಗನ ಕಾಲು ಹೋಗಿತ್ತು, ಅಳಿಯನ ಬೈಕಿಗಾಗಿ ಕ್ಷಮೆ ಕೇಳುತ್ತಿದ್ದರು. ಬೇಡ ಬೇಡ ಅಂದರೂ ಕೇಳದೆ, ತಾವೇ ನಿಂತು ಬೈಕು ರಿಪೇರಿ ಮಾಡಿಸಿದರು. ಸಾಬರ ಹತ್ತಿರವೇ.

ಬೈಕು ತರಲು ನಾನೊಬ್ಬನೇ ಹೋದೆ. ಸಾಬರು ಒಂದು ಕಾಗದದ ಪೊಟ್ಟಣ ಕೈಗಿಟ್ಟರು. ಒಳಗೆ ಸವೆದು ಲೋಹ ಕಾಣುತ್ತಿದ್ದ ಹಳೇ ಬ್ರೇಕ್ ಶೂ. "ನಿಮ್ ಮಾವ ಇದನ್ನ ನೋಡ್ಲಿಲ್ಲ" ಅಂದರು. ನನ್ನ ಮುಖ ನೋಡದೆ ಇನ್ನೊಂದು ಗಾಡಿಯ ಕೆಲಸಕ್ಕೆ ಕೂತರು. ದಾರಿಯಲ್ಲಿ ಆ ಪೊಟ್ಟಣವನ್ನು ನಾಲೆಗೆ ಎಸೆದೆ.

ಬಾಮೈದ ಕೃತಕ ಕಾಲು ಹಾಕಿಕೊಂಡು ನಡೆಯಲು ಕಲಿತ ಮೇಲೆ ಅವನಿಗೆ ಮೊಪೆಡ್ಡು ಕೊಟ್ಟೆ. ಗೇರಿಲ್ಲ, ಎರಡೂ ಬ್ರೇಕು ಕೈಯಲ್ಲಿ, ಅವನಿಗೆ ಸರಿಹೋಯಿತು. ಬಾವ ಅಂದರೆ ಹೀಗಿರಬೇಕು ಅಂತ ಎರಡು ಊರಿನವರೂ ಹೊಗಳಿದರು. ಹೆಂಡತಿ ಅವತ್ತು ನನಗೆ ಊಟ ಬಡಿಸುತ್ತಾ ಅತ್ತಳು, ನನ್ನಂಥ ಗಂಡ ಸಿಕ್ಕಿದ್ದಕ್ಕೆ. ನಾನು ತಟ್ಟೆ ನೋಡುತ್ತಾ ತಿಂದೆ. ಮಾರನೆಯ ದಿನದಿಂದ ಮತ್ತೆ ಬೈಕಿನ ಮೇಲೆ ಕ್ಯಾನು ಬಿಗಿದೆ. ಕೊಚ್ಚೆಯಲ್ಲಿ ಅದು ಉಸಿರು ಕಟ್ಟಿ ನಿಂತಾಗಲೆಲ್ಲ ಇಳಿದು ತಳ್ಳಿದೆ. ತಳ್ಳುವಾಗ ಒಂದು ಥರ ಸಮಾಧಾನವಾಗುತ್ತಿತ್ತು.

ಮೂರು ವರ್ಷ ಹೊಟ್ಟೆಯಲ್ಲಿಟ್ಟುಕೊಂಡೆ. ಒಂದು ದಿನ ಅವನೊಬ್ಬನೇ ಮೊಪೆಡ್ಡಿನಲ್ಲಿ ನಮ್ಮ ಮನೆಗೆ ಬಂದಿದ್ದ. ಹೆಂಡತಿ ಹಾಲು ಹಾಕಲು ಡೈರಿಗೆ ಹೋಗಿದ್ದಳು. ಜಗಲಿಯ ಮೇಲೆ ಕೂತು ಹೇಳಿಬಿಟ್ಟೆ. ಬ್ರೇಕ್ ಇರಲಿಲ್ಲ, ನನಗೆ ಗೊತ್ತಿತ್ತು, ಗೊತ್ತಿದ್ದೂ ಕೀಲಿ ಕೊಟ್ಟೆ.

ಅವನು ಕಾಲಿನ ಪಟ್ಟಿ ಸರಿ ಮಾಡಿಕೊಳ್ಳುತ್ತಾ ಹೇಳಿದ: "ಗೊತ್ತಿತ್ತು ಬಾವ."

"ಏನು ಗೊತ್ತಿತ್ತು?"

"ನಿಮ್ಮೂರ ಅರಳಿಕಟ್ಟೆ ತಾವ ಒಂದು ಎಮ್ಮೆ ಅಡ್ಡ ಬಂತು. ಅವಾಗ್ಲೇ ಗೊತ್ತಾಯ್ತು, ಬ್ರೇಕಿಲ್ಲ ಅಂತ."

"ಮತ್ಯಾಕ್ಲಾ ವಾಪಸ್ ಬರ್ಲಿಲ್ಲ?"

"ಅಪ್ಪ ಇನ್ನೂ ಇದೇ ಜಗ್ಲಿ ಮ್ಯಾಲೆ ಕುಂತಿದ್ರಲ್ಲ. ಅವ್ರ ಮುಂದೆ ನೀವು ಚೆನ್ನಾಗೈತೆ ಅಂದ್ಬುಟ್ಟಿದ್ರಿ. ನಾನು ಬಂದು ಇಲ್ಲ ಅಂದಿದ್ರೆ ನಿಮ್ಮುನ್ನ ಸುಳ್ಗಾರ ಮಾಡ್ದಂಗಾಗೋದು. ಅಪ್ಪಂಗೂ ಬೇಜಾರು. ಗೇರಲ್ಲೇ ತಡ್ಕಂಡು ಹೋಗ್ತೀನಿ ಅನ್ಕಂಡೆ."

ನನಗೆ ಅಳು ಬರಲಿಲ್ಲ. ಸಿಟ್ಟು ಬಂತು, ಯಾರ ಮೇಲೆ ಅಂತ ಗೊತ್ತಾಗದ ಸಿಟ್ಟು. ಇಬ್ಬರೂ ಒಬ್ಬರ ಮರ್ಯಾದೆ ಒಬ್ಬರು ಕಾಯುತ್ತಾ ಒಂದು ಕಾಲನ್ನು ಕೊಟ್ಟು ಬಂದಿದ್ದೆವು. ಅವನು ಅದನ್ನು ಇಷ್ಟು ದಿನ ನನಗೆ ಹೇಳದೆ ಇದ್ದದ್ದೂ ಅದೇ ಮರ್ಯಾದೆಗೆ.

ಕಾಫಿ ಕುಡಿದು ಹೊರಟ. ಮೊಪೆಡ್ಡಿನ ಮೇಲೆ ಕೂತ ಮೇಲೆ ನಾನೇ ಕೇಳಿದೆ: "ಗಾಡಿ ಎಂಗೈತೆ?"

"ಚೆನ್ನಾಗೈತೆ ಬಾವ."

ಮಾತು ಕಿವಿಗೆ ಬಿದ್ದದ್ದೇ ಎದ್ದು ಹೋಗಿ ಹ್ಯಾಂಡಲ್ ಹಿಡಿದೆ. ಅವನ ಕೈ ಸರಿಸಿ ಎರಡೂ ಬ್ರೇಕು ಒತ್ತಿ, ಗಾಡಿಯನ್ನು ಅವನ ಸಮೇತ ಮುಂದಕ್ಕೆ ತಳ್ಳಿದೆ. ಗಾಡಿ ನಿಲ್ಲಲಿಲ್ಲ, ಸಲೀಸಾಗಿ ಉರುಳಿತು.

ನಾನು ಕೊಟ್ಟ ಗಾಡಿಯಲ್ಲಿ ಅವನು ಹುಳುಕು ಹೇಳುವುದು ಹೇಗೆ?

"ಇಳ್ಯಪ್ಪ ಕೆಳಿಕೆ" ಅಂದು ಸ್ಪಾನರು ತರಲು ಒಳಗೆ ಹೋದೆ.